ಲಾರಿಗೊಂದು ಸ್ಟೀಲ್ ಅಂಚು

ಹೆಂಡತಿಯ ಲಾರಿಯ ಹೊರಮೈಗೆ ಹೊಳೆಯುವ ಸ್ಟೀಲ್ ಪ್ಯಾನೆಲ್‌ಗಳನ್ನು ನಾನೇ ಆರಿಸುತ್ತೇನೆ, ನಾನೇ ಅಳತೆ ತೆಗೆಯುತ್ತೇನೆ, ನಾನೇ ಕೂರಿಸುತ್ತೇನೆ ಎಂದು ಆ ಮಧ್ಯಾಹ್ನ ಭೀಷಣ ಪ್ರತಿಜ್ಞೆ ಮಾಡಿದೆ! ಮನಸ್ಸಿನಲ್ಲೇ ಮಾಡಿದೆ. ಜೋರಾಗಿ ಮಾಡಿದ್ದರೆ ಒಳಗೆ ಮಲಗಿದ್ದ ಅವಳಿಗೆ ಎಚ್ಚರವಾಗುತ್ತಿತ್ತು.

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ದರ್ಜಿ ನಾನು, ಡ್ರೈವರ್ ಅವಳು. ನಾನು ಓಡಿಸುವ ಅತಿ ದೊಡ್ಡ ವಾಹನ ಹೊಲಿಗೆ ಯಂತ್ರ. ಅವಳು ಓಡಿಸುವುದು ಉದ್ದನೆಯ ಟ್ರೇಲರ್ ಎಳೆಯುವ ಲಾರಿ. ಅದರ ಚಕ್ರದ ಪಕ್ಕ ನಿಂತರೆ ನಾನು ಅಂಗಿಯಿಂದ ಕಿತ್ತುಬಿದ್ದ ಗುಂಡಿಯ ಹಾಗೆ ಕಾಣುತ್ತೇನೆ. “ಒಂದು ಸಲ ಜೊತೆಗೆ ಬನ್ರೀ” ಎಂದು ಅವಳು ಮದುವೆಯಾದಾಗಿನಿಂದ ಕರೆಯುತ್ತಿದ್ದಾಳೆ. “ಅರ್ಜೆಂಟ್ ಬಟ್ಟೆ ಇದೆ ಕಣೇ” ಎಂದು ನಾನೂ ಮದುವೆಯಾದಾಗಿನಿಂದ ಹೇಳುತ್ತಿದ್ದೇನೆ. ನಿಜ ಏನೆಂದರೆ ಆ ಎತ್ತರಕ್ಕೆ ಹತ್ತಿ ಕೂರುವುದೆಂದರೆ ನನಗೆ ಭಯ. ಅದಕ್ಕಿಂತ ಹೆಚ್ಚಿನ ಭಯ ಲಾರಿಯ ಒಡತಿಯದು. ಒಮ್ಮೆ ಅದರ ಬಾಗಿಲಿನ ಮೇಲೆ ಒದ್ದೆ ಟವೆಲ್ ಹರವಿದ್ದೆ. ಅವಳು ನೋಡಿದ ನೋಟಕ್ಕೆ ಟವೆಲ್ ಅಲ್ಲೇ ಒಣಗಿಹೋಯಿತು!

ಅಂಥವಳು ಊಟ ಮಾಡುವಾಗ, “ದಾರೀಲಿ ಬೇರೆಯವರ ಲಾರಿಗಳು ಎಷ್ಟು ಲಕಲಕ ಅಂತಿದ್ವು ಗೊತ್ತಾ? ನಮ್ಮದೇ ಮಂಕು” ಎಂದು ನಿಟ್ಟುಸಿರು ಬಿಟ್ಟು ಮಲಗಿದ್ದಳು. ನನ್ನೊಳಗಿನ ಗಂಡ ಎದ್ದು ನಿಂತ. ಲಾರಿಯ ಮೈ ಅಳೆದುಕೊಂಡು, ಅಳತೆ ಪಟ್ಟಿಯನ್ನು ಕುತ್ತಿಗೆಗೆ ಹಾಕಿಕೊಂಡು ಹೊರಟ.

ಲಾರಿ ಅಲಂಕಾರದ ಅಂಗಡಿಯ ಗೋಡೆ ತುಂಬ ಪ್ಯಾನೆಲ್‌ಗಳು. ಒಂದೊಂದರಲ್ಲೂ ನನ್ನದೇ ಹೆದರಿದ ಮುಖ. ಒಂದರಲ್ಲಿ ಉದ್ದ, ಒಂದರಲ್ಲಿ ಚಪ್ಪಟೆ, ದೀಪ ಕೂರಿಸಲು ತೂತು ಬಿಟ್ಟಿದ್ದರಲ್ಲಿ ಕಣ್ಣುಗಳೇ ಇಲ್ಲ. ಅಂಗಡಿಯವನು ವಕೀಲನ ಹಾಗೆ ಶುರು ಮಾಡಿದ.

“ಗಾಡಿ ಯಾವ ಮಾಡೆಲ್?”

“ನೀಲಿ.”

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಬಾಗಿಲ ಕೆಳಗಿಂದ ಟ್ಯಾಂಕ್ ಕೊನೇವರೆಗೆ ಎಷ್ಟು ಉದ್ದ, ಅದಾದರೂ ಗೊತ್ತಾ?”

“ಅಳತೆ ವಿಚಾರದಲ್ಲಿ ನನ್ನನ್ನ ಕೇಳ್ತೀರಾ!” ಎಂದು ಹೇಳಿಯೇಬಿಟ್ಟೆ. ಅಳತೆ ಮಾಡಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೇಳಿದೆ. ಹೊಲಿಗೆಗೆ ಬಿಡಬೇಕಲ್ಲ! ಸ್ಟೀಲಿಗೆ ಹೊಲಿಗೆ ಇರುವುದಿಲ್ಲ ಎಂಬ ಸತ್ಯ ಆಗ ಹೊಳೆಯಲಿಲ್ಲ. ಕನ್ನಡಿಯಂತೆ ಮಿನುಗುವುದನ್ನು, ಫ್ರಾಕಿನ ಅಂಚಿನ ಹಾಗೆ ಅಲೆ ಅಲೆಯಾಗಿದ್ದುದನ್ನು ಆರಿಸಿದೆ.

“ತೂತು ಕೊರೆದು ಬೋಲ್ಟ್ ಹಾಕೋದಾ, ಅಂಟಿಸೋದಾ?”

ತೂತು! ಅವಳ ಲಾರಿಗೆ! “ಅಂಟಿಸೋದು, ಅಂಟಿಸೋದು!”

“ಸರಿ. ಆದ್ರೆ ಅಂಟಿಸಿದ ಮೇಲೆ...” ಎಂದು ಅವನು ಏನೋ ಹೇಳುತ್ತಿದ್ದ. ಅವಳಿಗೆ ಎಲ್ಲಿ ಎಚ್ಚರವಾಗುತ್ತದೋ ಎಂದು ನಾನಾಗಲೇ ಬೀದಿಯಲ್ಲಿದ್ದೆ.

ಕತ್ತಲಾಗುವಷ್ಟರಲ್ಲಿ ಸ್ಟಿಯರಿಂಗ್ ಇರುವ ಕಡೆಯ ಪ್ಯಾನೆಲ್‌ಗಳು ಮುಗಿದವು. ತುದಿಯಲ್ಲಿ ಹೆಚ್ಚಾಗಿ ಉಳಿದ ಚೂರನ್ನು ಬಗ್ಗಿಸಿ ಯಾವುದೋ ಮುಚ್ಚಳದ ಮೇಲೆ ಒತ್ತಿದೆ. ಇನ್ನೊಂದು ಕಡೆ ನಾಳೆ ಮಾಡಿದರಾಯಿತು. ಬೆಳಿಗ್ಗೆ ಅವಳೇ ನೋಡಿ ಬೆರಗಾಗಲಿ ಎಂದು ಬಾಯಿಗೆ ಬೀಗ ಹಾಕಿಕೊಂಡು ಮಲಗಿದೆ.

ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ಅಂಗಡಿಯವನ ಫೋನು. “ಅಣ್ಣಾ, ನಿನ್ನೆ ಪೂರ್ತಿ ಹೇಳೋಕೆ ಬಿಡಲೇ ಇಲ್ಲ ನೀವು. ಅಂಟು ಹಿಡಿಯೋಕೆ ಒಂದು ದಿನ ಬೇಕು, ಗಾಡಿ ಕದಲಿಸಬೇಡಿ. ಈಗಲೇ ರಸ್ತೆಗೆ ಇಳಿದ್ರೆ ಗಾಳಿಗೆ ಕಿತ್ಕೊಂಡು ಹಾರುತ್ತೆ. ಹಿಂದೆ ಬರೋರ ಕುತ್ತಿಗೆಗೇ...”

ಹೊರಗೆ ಲಾರಿ ಗುಡುಗಿತು.

ಹೇಗೆ ಓಡಿದೆನೋ ಗೊತ್ತಿಲ್ಲ. ಲಾರಿ ಆಗಲೇ ಗೇಟು ದಾಟುತ್ತಿತ್ತು. ಪ್ಯಾನೆಲ್ ಅಂಟಿಸಿರದ ಎಡಗಡೆಯ ಬಾಗಿಲೇ ಕೈಗೆ ಸಿಕ್ಕಿತು, ದಬದಬ ಬಡಿದೆ. ಅವಳು ನಿಲ್ಲಿಸಿ ಬಗ್ಗಿ ನೋಡಿದಳು.

“ಏನ್ರೀ?”

ಹೇಳಬೇಕು ಎಂದು ಬಾಯಿ ತೆರೆದೆ. ಟವೆಲ್ ಒಣಗಿಸಿದ ಅದೇ ಕಣ್ಣುಗಳು! “ನಾ... ನಾನೂ ಬರ್ತೀನಿ!”

ಅವಳು ಒಂದು ಗಳಿಗೆ ನನ್ನನ್ನೇ ನೋಡಿದಳು. ಮುಖ ಅರಳಿತು. “ಹತ್ತಿ!”

ಅಷ್ಟು ಅರಳಿದ ಮುಖಕ್ಕೆ ಇನ್ನೇನು ಹೇಳಲಿ? ಹತ್ತಿದೆ.

ರಸ್ತೆಗೆ ಬಿದ್ದದ್ದೇ ತಡ, ಟಣ್! ತಿರುವಿನಲ್ಲಿ ಟಣ್ ಟಣ್! ಪ್ರತಿ ಟಣ್‌ಗೂ ನನ್ನ ಜೀವ ಬಾಯಿಗೆ ಬಂದು ಮತ್ತೆ ಒಳಗೆ ಹೋಗುತ್ತಿತ್ತು.

“ಸ್ವಲ್ಪ ನಿಧಾನ ಹೋಗೇ.”

“ಇನ್ನೂ ನಿಧಾನ ಹೋದ್ರೆ ಹಿಂದಿನೋರು ಇಳಿದು ತಳ್ತಾರೆ. ಭಯಾನಾ?”

“ಭಯ? ನನಗಾ? ಛೆ!” ಎಂದೆ, ಎರಡೂ ಕೈಯಲ್ಲಿ ಸೀಟನ್ನು ತಬ್ಬಿಕೊಂಡು. ಅವಳು ಖುಷಿಯಾಗಿ ಏನೋ ಹಾಡಿಕೊಳ್ಳುತ್ತಿದ್ದಳು.

ಆಗ ಕತ್ತು ಚಾಚಿದ ನನಗೆ ಅವಳ ಕಡೆಯ ಕನ್ನಡಿಯಲ್ಲಿ ಒಂದು ಬೈಕು ಕಂಡಿತು. ಅಪ್ಪ ಓಡಿಸುತ್ತಿದ್ದ, ಹಿಂದೆ ಹಳದಿ ಟೋಪಿಯ ಪುಟ್ಟ ಹುಡುಗಿ. ಲಾರಿಗೆ ಹತ್ತಿರ ಹತ್ತಿರ ಬರುತ್ತಿತ್ತು. ಟಣಾರ್!

ನನ್ನ ಜಂಬ, ನಾಚಿಕೆ, ಹೆಂಡತಿಯ ಭಯ ಎಲ್ಲ ಒಟ್ಟಿಗೆ ಸತ್ತುಹೋದವು. ಆ ಮಗುವಿನ ಸಣ್ಣ ಕುತ್ತಿಗೆಯೊಂದೇ ಕಣ್ಣ ಮುಂದೆ ಉಳಿಯಿತು.

“ನಿಲ್ಲಿಸೇ! ದಮ್ಮಯ್ಯ, ನಿಲ್ಲಿಸು! ಪ್ಯಾನೆಲ್ ಹಾರುತ್ತೆ! ನಾನೇ ತಂದೆ, ನಾನೇ ಅಂಟಿಸಿದೆ, ಅಂಟು ಹಿಡಿದಿಲ್ಲ, ನನ್ನನ್ನ ಬೇಕಾದ್ರೆ ಕೊಂದುಹಾಕು, ಮೊದಲು ನಿಲ್ಲಿಸು!”

ಅವಳು ಮೆಲ್ಲಗೆ ಪಕ್ಕಕ್ಕೆ ತಂದು ನಿಲ್ಲಿಸಿದಳು. ಬೈಕು ಮುಂದೆ ಹೋಯಿತು. ಹಳದಿ ಟೋಪಿ ತಿರುಗಿ ಕೈಬೀಸಿತು. ನನಗೆ ಅಳು ಬಂತು.

“ಮುಗೀತಾ?” ಎಂದಳು ಹೆಂಡತಿ.

“ಮುಗೀತು.”

“ಹಿಂದೆ ಪರದೆ ಸರಿಸಿ ನೋಡಿ.”

ಸೀಟಿನ ಹಿಂದೆ ಅವಳು ಮಲಗುವ ಹಾಸಿಗೆ. ಅದರ ಮೇಲೆ ನನ್ನ ಪ್ಯಾನೆಲ್‌ಗಳು ಒಂದಕ್ಕೊಂದು ಒರಗಿಕೊಂಡು ಆರಾಮಾಗಿ ಬಿದ್ದಿದ್ದವು. ಒಂದನ್ನು ಮುಟ್ಟಿದೆ. ಟಣ್!

“ಗಾಡಿ ಸುತ್ತ ಒಂದು ಸುತ್ತು ಬಂದು ನೋಡದೆ ನಾನು ಯಾವತ್ತಾದ್ರೂ ಹೊರಟಿದ್ದೀನಾ? ಬೆರಳಲ್ಲಿ ಎಳೆದೆ, ಕೈಗೇ ಬಂತು. ಡೀಸೆಲ್ ಮುಚ್ಚಳದ ಮೇಲೆ ಯಾಕ್ರೀ ಮಡಚಿ ಅಂಟಿಸಿದ್ರಿ?”

“ಅದು... ಹೊಲಿಗೆಗೆ ಬಿಟ್ಟಿದ್ದು.”

ಅವಳು ಸ್ಟಿಯರಿಂಗ್ ಮೇಲೆ ತಲೆಯಿಟ್ಟು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನನಗೆ ರೇಗಿತು.

“ಮೊದಲೇ ಹೇಳಬಾರದಿತ್ತಾ? ಅರ್ಧ ಜೀವ ಹೋಯ್ತು ನಂದು!”

“ಹೇಳಿದ್ದಿದ್ರೆ ಗೇಟಿನ ಹತ್ರಾನೇ ಇಳೀತಿದ್ರಿ” ಎಂದಳು ಕಣ್ಣೊರೆಸಿಕೊಂಡು. “ಎಷ್ಟು ವರ್ಷದಿಂದ ಕರೀತಿದ್ದೀನಿ, ಒಂದು ಸಲ ಬಂದಿದ್ದೀರಾ?”

ನಾನು ಪರದೆ ಎಳೆದು ಪ್ಯಾನೆಲ್‌ಗಳನ್ನು ಮುಚ್ಚಿದೆ.

“ಅಂಚು ಚೆನ್ನಾಗಿದೆ. ವಾಪಸ್ ಹೋದ್ಮೇಲೆ ಇಬ್ಬರೂ ಸೇರಿ ಬೋಲ್ಟ್ ಹಾಕೋಣ. ಬೆಲ್ಟ್ ಹಾಕ್ಕೊಳ್ಳಿ.”

ಹಾಕಿಕೊಂಡೆ. “ವಾಪಸ್ ಯಾವಾಗ?”

“ನಾಡಿದ್ದು.”

ನಾನು ಕೆಳಗೆ ನೋಡಿಕೊಂಡೆ. ಮೈಮೇಲೆ ಮಲಗುವ ಪೈಜಾಮ. ಕಾಲಲ್ಲಿ ಒಂದೇ ಚಪ್ಪಲಿ. ಅದೂ ಅವಳದು.