ರೆಕ್ಕೆ ಮೇಲಿರಬೇಕೋ ಕೆಳಗಿರಬೇಕೋ

ಆರಿಸುವ ವಿಷಯದಲ್ಲಿ ನಾನು ಸ್ವಲ್ಪ ನಿಧಾನಿ. 'ಸ್ವಲ್ಪ' ಎಂಬ ಮಾತನ್ನು ನನ್ನ ಹೆಂಡತಿ ವೀಣಾ ಒಪ್ಪುವುದಿಲ್ಲ. ಮದುವೆಯಾದ ಹೊಸದರಲ್ಲಿ ಮೈಸೂರಿನಲ್ಲಿ ಮಿಕ್ಸಿ ಕೊಳ್ಳಲು ಹೊರಟು, ಅಂಗಡಿ ಅಂಗಡಿ ಸುತ್ತಿ, ಯಾವುದೆಂದು ತೀರ್ಮಾನಿಸುವಷ್ಟರಲ್ಲಿ ನಾನು ಮೆಚ್ಚಿದ ಮಾದರಿಯೇ ಮಾರುಕಟ್ಟೆಯಿಂದ ಮಾಯವಾಗಿತ್ತು. ಅಷ್ಟೂ ಕಾಲ ಅವಳು ಪಕ್ಕದ ಮನೆಯ ಮಿಕ್ಸಿಯಲ್ಲಿ ಚಟ್ನಿ ರುಬ್ಬಿಕೊಂಡು ಬಂದಳು. ಅಂಥ ನಾನು ಜಪಾನಿಗೆ ಬಂದು ಕಾವಾಸಾಕಿಯಲ್ಲಿ ಪಂಪು ತಯಾರಿಸುವ ಕಂಪನಿಯೊಂದನ್ನು ಸೇರಿದಾಗ ತವರುಮನೆಗೆ ಬಂದಂತಾಯಿತು. ಇಲ್ಲಿ ಒಂದು ಬೋಲ್ಟು ಬದಲಾಯಿಸಬೇಕಾದರೂ ಮೀಟಿಂಗಿಗೆ ಮುಂಚೆಯೇ ಸಂಬಂಧಪಟ್ಟ ಒಬ್ಬೊಬ್ಬರ ಮೇಜಿನ ಬಳಿಯೂ ಹೋಗಿ, ದನಿ ತಗ್ಗಿಸಿ ಮಾತಾಡಿ, ಒಪ್ಪಿಗೆ ಪಡೆದಿಟ್ಟುಕೊಳ್ಳಬೇಕು. ಇದಕ್ಕೆ ನೆಮವಾಶಿ ಎನ್ನುತ್ತಾರೆ. ನಾನು ಹುಟ್ಟಿದಾಗಿನಿಂದ ಮಾಡುತ್ತಿದ್ದ ಕೆಲಸಕ್ಕೆ ಇಷ್ಟು ಗೌರವದ ಹೆಸರೊಂದಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ವಿಮಾನದ ಗ್ರಹಚಾರ ವಕ್ಕರಿಸಿದ್ದು ಆಫೀಸಿನ ವರ್ಷಾಂತ್ಯದ ಊಟದಲ್ಲಿ. ಮುಂದಿನ ವರ್ಷ ಏನು ಹೊಸದಾಗಿ ಕಲಿಯುತ್ತೀರಿ ಎಂದು ಒಬ್ಬೊಬ್ಬರೂ ಎದ್ದುನಿಂತು ಹೇಳಬೇಕಿತ್ತು. ಒಬ್ಬರು ಗಿಟಾರ್ ಎಂದರು, ಇನ್ನೊಬ್ಬರು ಬ್ರೆಡ್ ಮಾಡುವುದು ಎಂದರು. ನನ್ನ ಸರದಿ ಬಂದಾಗ ಬಾಯಿಗೆ ಏನು ಬಂತೋ, "ವಿಮಾನ ಹಾರಿಸುವುದು" ಎಂದುಬಿಟ್ಟೆ. ಭಾರೀ ಚಪ್ಪಾಳೆ ಬಿತ್ತು. ಬೆಂಗಳೂರಿನಲ್ಲಾದರೆ ಇಂಥ ಮಾತು ಕೈ ತೊಳೆಯುವಷ್ಟರಲ್ಲಿ ಎಲ್ಲರಿಗೂ ಮರೆತಿರುತ್ತದೆ. ಜಪಾನಿನಲ್ಲೂ ಕುಡಿದು ಆಡಿದ ಮಾತಿಗೆ ಮರುದಿನ ಮಾಫಿ ಉಂಟು. ಆದರೆ ನಾನು ಕುಡಿದಿದ್ದದ್ದು ಕಿತ್ತಳೆ ರಸ. ಬೆಳಿಗ್ಗೆ ಪಕ್ಕದ ಮೇಜಿನ ನಕಾನೋ-ಸಾನ್ ಊರಾಚೆಯ ಒಂದು ಫ್ಲೈಯಿಂಗ್ ಕ್ಲಬ್ಬಿನ ವಿಳಾಸವನ್ನು ಎರಡೂ ಕೈಯಲ್ಲಿ ಹಿಡಿದು, ತಲೆಬಾಗಿ ಕೊಟ್ಟರು. ಅಂದಿನಿಂದ ಪ್ರತಿ ತಿಂಗಳ ಮೀಟಿಂಗಿನ ಕೊನೆಗೆ, "ಮೂರ್ತಿ-ಸಾನ್, ವಿಮಾನ ಎಲ್ಲಿಯವರೆಗೆ ಬಂತು?" ಎಂದು ವಿಚಾರಿಸತೊಡಗಿದರು. "ಆಯ್ಕೆ ನಡೆಯುತ್ತಿದೆ" ಎಂದರೆ ಸಾಕು, ಗೌರವದಿಂದ ತಲೆದೂಗುತ್ತಿದ್ದರು. ಆಫೀಸಿನದು ಹೋಗಲಿ, ನಮ್ಮ ಮಗಳು ಇಂಚರ ಶಾಲೆಯಲ್ಲಿ ಅಪ್ಪ ಪೈಲಟ್ ಆಗುತ್ತಾರೆಂದು ಇಡೀ ತರಗತಿಗೆ ಸಾರಿಬಿಟ್ಟಿದ್ದಳು. ಹನ್ನೆರಡು ವರ್ಷದ ಹುಡುಗಿಯ ಮುಂದೆ ಮಾತು ತಪ್ಪುವುದು ಬಾಸ್ ಮುಂದೆ ತಪ್ಪಿದಷ್ಟು ಸುಲಭವಲ್ಲ.

ಕ್ಲಬ್ಬಿನಲ್ಲಿ ತರಬೇತಿಯ ವಿಮಾನಗಳು ಮೂರಿದ್ದವು. ಎರಡು ಸೀಟಿನ ಪುಟ್ಟ ಕೆಂಪು ವಿಮಾನ, ಅದಕ್ಕೆ ರೆಕ್ಕೆ ತಲೆಯ ಮೇಲೆ. ನಾಲ್ಕು ಸೀಟಿನವು ಎರಡು, ಒಂದಕ್ಕೆ ರೆಕ್ಕೆ ಮೇಲೆ, ಇನ್ನೊಂದಕ್ಕೆ ಕಾಲ ಕೆಳಗೆ. ಅಷ್ಟೇ ವ್ಯತ್ಯಾಸ ಎಂದು ನೀವು ತಿಳಿದಿದ್ದರೆ ನಿಮಗೆ ಆರಿಸುವ ಕಲೆ ಒಲಿದಿಲ್ಲ. ರೆಕ್ಕೆ ಮೇಲಿದ್ದರೆ ಕೆಳಗಿನ ನೆಲ ಚೆನ್ನಾಗಿ ಕಾಣುತ್ತದೆ, ಆದರೆ ತಿರುಗುವಾಗ ಅದೇ ರೆಕ್ಕೆ ಕಣ್ಣಿಗೆ ಅಡ್ಡ ಬರುತ್ತದೆ. ಕೆಳಗಿದ್ದರೆ ಆಕಾಶವೆಲ್ಲ ನಮ್ಮದೇ, ಆದರೆ ನೆಲ ಮರೆಯಾಗುತ್ತದೆ, ನನಗೋ ನೆಲ ಎಲ್ಲಿದೆ ಎಂದು ಗೊತ್ತಿರಲೇಬೇಕು. ಮೊದಲ ಭೇಟಿಯಲ್ಲಿ ನಾನು ಶಿಕ್ಷಕ ಒಗಾವಾ-ಸೆನ್ಸೇ ಅವರನ್ನು ಮೈಲೇಜ್ ಎಷ್ಟು, ಬಿಡಿಭಾಗ ಸುಲಭವಾಗಿ ಸಿಗುತ್ತದೆಯೇ, ಮಾರಿದರೆ ಎಷ್ಟು ಬರುತ್ತದೆ ಎಂದೆಲ್ಲ ಕೇಳಿದೆ. ಸಣಕಲು ಮೈಯ, ಬಲು ಸಾಧು ಮನುಷ್ಯ ಅವರು. ಎಲ್ಲಕ್ಕೂ ಉತ್ತರ ಕೊಟ್ಟು, ಕೊನೆಯಲ್ಲಿ ಅಂಜುತ್ತ, "ಸುಮಿಮಾಸೆನ್, ಕ್ಷಮಿಸಬೇಕು, ನಾವು ಇವುಗಳನ್ನು ಮಾರುವುದಿಲ್ಲ" ಎಂದರು.

ಮನೆಗೆ ಬಂದು ನೆಮವಾಶಿ ಶುರುಮಾಡಿದೆ. ಮೈಸೂರಿನಿಂದ ಅಮ್ಮ ವಿಡಿಯೋ ಕಾಲ್‌ನಲ್ಲಿ, "ರೆಕ್ಕೆ ಮೇಲಿದ್ರೆ ನೆರಳಾಗುತ್ತಲ್ಲಪ್ಪಾ, ಬಿಸಿಲು ತಾಗಲ್ಲ" ಎಂದರು. ನಕಾನೋ-ಸಾನ್ ಕೆಳರೆಕ್ಕೆಯದೇ ನೋಡಲು ಚಂದ ಎಂದರು. ಇಂಚರಳಿಗೆ ರೆಕ್ಕೆಯ ಗೊಡವೆಯೇ ಇಲ್ಲ. "Red one, Papa! ಕವಾಯಿ!" ಎಂದಳು. ಹಾಗೆಂದರೆ ಮುದ್ದಾಗಿದೆ ಎಂದು. ಸುರಕ್ಷತೆಯ ವಿಚಾರದಲ್ಲಿ ಮುದ್ದಿಗೇನು ಬೆಲೆ ಎಂದು ಅವಳಿಗೆ ಅರ್ಧ ಗಂಟೆ ಉಪನ್ಯಾಸ ಕೊಟ್ಟೆ.

ವೀಣಾ ಸೊಪ್ಪು ಹೆಚ್ಚುತ್ತ ಎಲ್ಲ ಕೇಳಿಸಿಕೊಂಡಳು. "ರೀ, ಅದು ಬಾಡಿಗೆ ವಿಮಾನ. ಒಂದ್ಸಲ ಒಂದ್ರಲ್ಲಿ ಹೋಗಿ. ಸರಿ ಬರ್ಲಿಲ್ಲ ಅಂದ್ರೆ ಮುಂದಿನ ವಾರ ಇನ್ನೊಂದ್ರಲ್ಲಿ ಹೋಗಿ. ಏನು, ಸಂಬಂಧ ನೋಡ್ತಿದೀರಾ?"

ಮಾತು ಅಷ್ಟು ಸರಿಯಾಗಿದ್ದರಿಂದ ನನಗೆ ಸಿಟ್ಟು ಬಂತು. ನಿಮ್ಮ ಹತ್ತಿರ ಮುಚ್ಚುಮರೆ ಏಕೆ? ಬಲ್ಬು ಬದಲಾಯಿಸುವಾಗಲೂ ವೀಣಾ ಸ್ಟೂಲು ಹಿಡಿದುಕೊಂಡಿರಬೇಕು, ಅಂಥ ಧೈರ್ಯಶಾಲಿ ನಾನು. ಆರಿಸುತ್ತಿರುವ ತನಕ ಹಾರಬೇಕಾಗಿಲ್ಲವಲ್ಲ, ಅದೇ ನನ್ನ ನೆಮ್ಮದಿ. ಹೀಗೆ ಇನ್ನೂ ಒಂದು ವರ್ಷ ಸಲೀಸಾಗಿ ಆರಿಸುತ್ತಿದ್ದೆನೋ ಏನೋ, ಒಂದು ಸಂಜೆ ವೀಣಾ, "ಭಾನುವಾರಕ್ಕೆ ಟ್ರಯಲ್ ಬುಕ್ ಮಾಡಿದೀನಿ. ಇಂಚರ ಮುಖ ಸಪ್ಪಗೆ ಮಾಡ್ಕೊಂಡು ಓಡಾಡೋದು ನೋಡಕ್ಕಾಗಲ್ಲ" ಎಂದಳು. ಯಾರನ್ನೂ ಕೇಳದೆ, ಒಂದೇ ಒಂದು ಫೋನಿನಲ್ಲಿ!

ಭಾನುವಾರ ನದಿ ದಂಡೆಯ ಆ ಪುಟ್ಟ ರನ್‌ವೇಗೆ ಮೂವರೂ ಹೋದೆವು. ಮೋಡ ಕಾಣಬಹುದೇ ಎಂದು ರೈಲಿನುದ್ದಕ್ಕೂ ನೋಡಿದೆ, ಒಂದು ತುಣುಕೂ ಇರಲಿಲ್ಲ. ನಾಲ್ಕು ಸೀಟಿನದೊಂದು ತಪಾಸಣೆಗೆ ಬಿಚ್ಚಿಕೊಂಡು ಕೂತಿತ್ತು, ಇನ್ನೊಂದನ್ನು ಬೇರೆ ವಿದ್ಯಾರ್ಥಿ ಒಯ್ದಿದ್ದ. ಉಳಿದದ್ದು ಇಂಚರಳ ಕೆಂಪು ವಿಮಾನ. ಹತ್ತುವ ಮುನ್ನ ತೂಕ ನೋಡಬೇಕೆಂದು ಒಗಾವಾ-ಸೆನ್ಸೇ ತಕ್ಕಡಿ ತೋರಿಸಿದರು. ನಾನು ವಾಚು, ಪರ್ಸು, ಬೂಟು, ಜಾಕೆಟ್ಟು ಎಲ್ಲ ಕಳಚಿ ನಿಂತೆ. ಅವರು ಜಾಕೆಟ್ಟನ್ನೂ ಬೂಟುಗಳನ್ನೂ ಭಕ್ತಿಯಿಂದ ಎತ್ತಿ ನನ್ನ ಕೈಗೇ ಕೊಟ್ಟು, "ಹಾರುವಾಗ ಇವೂ ಬರುತ್ತವಲ್ಲವೇ" ಎಂದರು. ಮುಳ್ಳು ಓಡಿತು. ಅವರು ಕ್ಯಾಲ್ಕುಲೇಟರ್ ಒತ್ತಿದರು, ಮತ್ತೊಮ್ಮೆ ಒತ್ತಿದರು, ಹಲ್ಲುಗಳ ನಡುವೆ ಉಸಿರೆಳೆದುಕೊಂಡರು.

"ಮೂರ್ತಿ-ಸಾನ್, ಇಂಧನ ಕಡಿಮೆ ಹಾಕಿದರೆ ನಾವಿಬ್ಬರೂ ಮೇಲೇರಬಹುದು. ವಾಪಸು ಬರುವುದು ಮಾತ್ರ, ಚೊತ್ತೊ..."

ಚೊತ್ತೊ ಎಂದರೆ ಸ್ವಲ್ಪ. ಆದರೆ ಜಪಾನಿನವರು ಚೊತ್ತೊ ಎಂದು ಮಾತು ಅಲ್ಲಿಗೇ ನಿಲ್ಲಿಸಿದರೆ ಸಾಧ್ಯವೇ ಇಲ್ಲ ಎಂದು ತಿಳಿಯಬೇಕು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮುಖವನ್ನು ಆದಷ್ಟು ಕೆಡಿಸಿಕೊಂಡು, "ಛೆ, ಎಂಥಾ ನಿರಾಸೆ!" ಎಂದೆ. ಅಷ್ಟರಲ್ಲಿ ಇಂಚರಳ ಮುಖ ಕಂಡಿತು. "So you're not flying?" ಎಂದು ಕೇಳಿ, ಉತ್ತರಕ್ಕೆ ಕಾಯದೆ ವಿಮಾನದ ಕಡೆ ತಿರುಗಿದಳು. ಕಣ್ಣಲ್ಲಿ ನೀರಾಡುತ್ತಿತ್ತು. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಆಗ ವೀಣಾ ತನ್ನ ವ್ಯಾನಿಟಿ ಬ್ಯಾಗನ್ನು ನನ್ನ ಹೆಗಲಿಗೆ ನೇತುಹಾಕಿ, ತಕ್ಕಡಿ ಹತ್ತಿ ನಿಂತಳು. "ಸುಮಿಮಾಸೆನ್ ಸೆನ್ಸೇ, ನಾನಾದರೆ?"

ಸೆನ್ಸೇ ಕ್ಯಾಲ್ಕುಲೇಟರ್ ಮುಟ್ಟಲೂ ಇಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಕೆಂಪು ವಿಮಾನ ಗುರ್ರೆನ್ನುತ್ತ ಓಡಿ ನೆಲ ಬಿಟ್ಟಿತು. ತಿಂಗಳುಗಟ್ಟಲೆ ಅದರ ರೆಕ್ಕೆ, ಚಕ್ರ, ಎಂಜಿನ್ನು ಎಲ್ಲವನ್ನೂ ತೂಗಿ ನೋಡಿದ್ದೆ. ಅದರೊಳಗೆ ವೀಣಾ ಕೂತಿರುತ್ತಾಳೆ ಎಂಬುದೊಂದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವಳ ಬ್ಯಾಗನ್ನು ಎದೆಗವಚಿಕೊಂಡು, ಮೈಲೇಜು ಹಾಳಾಗಲಿ, ಇವಳನ್ನೊಂದು ಕ್ಷೇಮವಾಗಿ ಇಳಿಸಪ್ಪಾ ಎಂದು ನಂಜುಂಡೇಶ್ವರನಿಗೆ ಹರಕೆ ಹೊತ್ತೆ. ಪಕ್ಕದಲ್ಲಿ ಇಂಚರ "ಅಮ್ಮಾ! ಸುಗೋಯಿ!" ಎಂದು ಕುಣಿಯುತ್ತಿದ್ದಳು. ಭೇಷ್ ಎನ್ನುವ ಆ ಮಾತನ್ನು ಅವಳು ನನಗೆಂದೂ ಹೇಳಿದ್ದಿಲ್ಲ.

ವೀಣಾ ಕೆನ್ನೆ ಕೆಂಪಾಗಿ ಇಳಿದು ಬಂದಳು. ಏನಾದರೂ ಕೇಳಬೇಕಲ್ಲ ಎಂದು, "ರೆಕ್ಕೆ ಮೇಲಿದ್ದದ್ದು ಅಡ್ಡ ಬಂತಾ?" ಎಂದೆ.

"ರೆಕ್ಕೆನಾ? ನಾನು ನೋಡ್ಲೇ ಇಲ್ಲ ರೀ" ಎಂದಳು. "ಫೂಜಿ ಬೆಟ್ಟ ಕಾಣ್ತಿತ್ತು."

ಈಗ ಭಾನುವಾರಗಳಂದು ಅವಳು ಕಲಿಯಲು ಹೋಗುತ್ತಾಳೆ. ಮೀಟಿಂಗಿನಲ್ಲಿ ನಕಾನೋ-ಸಾನ್ ಕೇಳಿದಾಗ, "ಆಯ್ಕೆ ಮುಗಿಯಿತು, ಕೆಂಪು ಬಣ್ಣದ್ದು, ನಮ್ಮ ಮನೆಯಿಂದ ತರಬೇತಿಯೂ ಆರಂಭವಾಗಿದೆ" ಎಂದೆ. ಇದರಲ್ಲಿ ಸುಳ್ಳೇನೂ ಇಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ನನ್ನ ತೂಕ ಸ್ವಲ್ಪ ಇಳಿದರೆ ನನ್ನನ್ನೂ ಹತ್ತಿಸಬಹುದೆಂದು ಸೆನ್ಸೇ ಹೇಳಿ ಕಳಿಸಿದ್ದಾರೆ. ಅದಕ್ಕೆ ದಿನಾ ವಾಕಿಂಗ್ ಹೋಗಬೇಕೆಂದು ನಿರ್ಧರಿಸಿದ್ದೇನೆ. ಬೂಟಿನ ಹಿಮ್ಮಡಿ ಎತ್ತರವಿರಬೇಕೋ ತಗ್ಗಾಗಿರಬೇಕೋ ಎಂಬುದೊಂದು ತೀರ್ಮಾನವಾಗಬೇಕಿದೆ. ಅಮ್ಮನನ್ನು ಕೇಳಿದ್ದೇನೆ, ನಕಾನೋ-ಸಾನ್ ಅವರನ್ನು ನಾಳೆ ಕೇಳಬೇಕು.