ಮೀನಿನ ಹಾಸಿಗೆ ಒದ್ದೆಯಾದ ದಿನ

ಗುಮಾಸ್ತನ ಮನೆಯಲ್ಲಿ ಎಲ್ಲರಿಗಿಂತ ಒಳ್ಳೆಯ ಹಾಸಿಗೆ ಇದ್ದದ್ದು ಮೀನಿನ ತೊಟ್ಟಿಗೆ. ಮೇಜಿನ ಮೇಲೊಂದು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ರಬ್ಬರ್ ಚಾಪೆ, ಚಾಪೆಯ ಮೇಲೆ ಅಂಚು ಎತ್ತರಿಸಿದ ತಗಡಿನ ತಟ್ಟೆ, ತಟ್ಟೆಯೊಳಗೆ ಮಡಚಿದ ಟವೆಲ್ಲು, ಎಲ್ಲಕ್ಕೂ ಮೇಲೆ ಗಾಜಿನ ತೊಟ್ಟಿ. ಸಾಲದ್ದಕ್ಕೆ ಮೇಜಿನ ಕೆಳಗೂ ಒಂದು ದಪ್ಪ ರಗ್ಗು. "ನನಗೆ ಇದರಲ್ಲಿ ಅರ್ಧ ಹಾಸಿಕೊಟ್ಟಿದ್ರೂ ಬೆನ್ನುನೋವು ಹೋಗ್ತಿತ್ತು" ಎಂದು, ಆಸ್ಪತ್ರೆಯಲ್ಲಿ ನರ್ಸಾಗಿದ್ದ ಹೆಂಡತಿ ಡ್ಯೂಟಿಗೆ ಹೊರಡುವಾಗಲೆಲ್ಲ ಹೇಳುತ್ತಿದ್ದಳು.

ಆ ದಿನ ಹೆಂಡತಿ ಡ್ಯೂಟಿಗೂ ಮಗಳು ಶಾಲೆಗೂ ಹೋದ ಮೇಲೆ, ಬೂಟು ಹುಡುಕುತ್ತಾ ಮೇಜಿನ ಹತ್ತಿರ ಬಂದ ಗುಮಾಸ್ತನ ಕಾಲ್ಚೀಲ ತಣ್ಣಗಾಯಿತು. ಬಗ್ಗಿ ರಗ್ಗು ಮುಟ್ಟಿದ. ಹಿಂಡಿದರೆ ಒಂದು ಲೋಟ ನೀರು ಬರುವಷ್ಟು ಒದ್ದೆ. ತಟ್ಟೆಯೊಳಗಿನ ಟವೆಲ್ಲನ್ನೂ ಮುಟ್ಟಿದ. ಗೋಡೆಯ ಕಡೆಯ ಅಂಚು ಒದ್ದೆ. ಅವನ ಎದೆ ಧಸಕ್ಕೆಂದಿತು.

ಇಷ್ಟು ಒದ್ದೆಗೆ ಎದೆ ಧಸಕ್ಕೆನ್ನಲು ಕಾರಣವಿತ್ತು. ಅದು ಮೂರು ಅಂತಸ್ತಿನ ಹಳೆಯ ಕಟ್ಟಡ. ಕೆಳಗೆ ಟೈಲರ್ ಅಂಗಡಿ, ನಡುವೆ ಗುಮಾಸ್ತ, ಮೇಲೆ ಮನೆ ಮಾಲೀಕರು. ಹಿಂದೊಮ್ಮೆ ತೊಟ್ಟಿಯ ಗಾಳಿಯ ಟ್ಯೂಬು ಜಾರಿ ನೀರೆಲ್ಲ ನೆಲಕ್ಕಿಳಿದು, ಟೈಲರನ ಚಾವಣಿಯಿಂದ ಒಂದು ಉಣ್ಣೆಯ ಕೋಟಿನ ಮೇಲೆ ತೊಟ್ಟಿಕ್ಕಿತ್ತು. ಟೈಲರ್ ಬಾಯಿ ಮಾಡುವವನಲ್ಲ. ಅಳತೆಯ ಕೋಲಿನಿಂದ ಚಾವಣಿಯನ್ನು ಟಕ್ ಟಕ್ ಟಕ್ ಎಂದು ಕುಟ್ಟಿದ, ಆಮೇಲೆ ಕೋಟು ಹಿಡಿದು ಮಾಲೀಕರ ಮನೆಗೆ ಹೋದ. ಮಾಲೀಕರು ತೀರ್ಪು ಕೊಟ್ಟರು: "ಇನ್ನೊಂದು ಹನಿ ಟೈಲರ್ ತಲೆ ಮೇಲೆ ಬೀಳಲಿ, ಆವತ್ತೇ ಟ್ಯಾಂಕು ಈ ಬಿಲ್ಡಿಂಗಿಂದ ಹೊರಗೆ."

ಆ ಮಾತು ಕೇಳಿದಾಗ ಎರಡನೇ ಕ್ಲಾಸಿನ ಮಗಳು ಅಳಲಿಲ್ಲ. ಸುಮ್ಮನೆ ಗಾಜಿನ ಮೇಲೆ ಅಂಗೈ ಇಟ್ಟು ನಿಂತಳು. ಗುಮಾಸ್ತನಿಗೆ ಅದನ್ನೇ ತಡೆಯಲಾಗಲಿಲ್ಲ. ಶಾಲೆಯಲ್ಲಿ ಬಾಯಿ ಬಿಡದ ಹುಡುಗಿ ಅದು. ಮನೆಯಲ್ಲೂ ಏನಾಯ್ತು ಎಂದು ಕೇಳಿದರೆ ಏನೂ ಇಲ್ಲ ಅನ್ನುತ್ತಿದ್ದಳು. ಆದರೆ ಮೀನು ಬಂದ ಮೇಲೆ ದಿನಾ ಸಂಜೆ ಶೂ ಬಿಚ್ಚುವ ಮೊದಲೇ ತೊಟ್ಟಿಯ ಮುಂದೆ ಕುಳಿತು, ಯಾರು ಅವಳ ರಬ್ಬರ್ ಕಿತ್ತುಕೊಂಡರು, ಯಾರು ಪಕ್ಕದಲ್ಲಿ ಕೂರಿಸಿಕೊಂಡರು, ಎಲ್ಲ ವರದಿ ಒಪ್ಪಿಸುತ್ತಿದ್ದಳು. ದೊಡ್ಡ ಕಿತ್ತಳೆ ಮೀನು ಒಂದು ತುದಿಯಿಂದ ಇನ್ನೊಂದು ತುದಿಗೆ ಎಲ್ಲರನ್ನೂ ಪರೀಕ್ಷೆ ಮಾಡುವ ಹಾಗೆ ನಡೆಯುತ್ತಿದ್ದುದರಿಂದ ಅದಕ್ಕೆ ಹೆಡ್‌ಮಿಸ್ಸು ಎಂದು ಹೆಸರು. ಹಿಂದೆಯೇ ತಿರುಗುವ ಪುಟ್ಟ ಕರಿಮೀನು ಸಣ್ಣಪ್ಪ. ಅಡುಗೆಮನೆಯಲ್ಲಿ ಪೇಪರ್ ಹಿಡಿದು ಕೂತ ಗುಮಾಸ್ತ ಪುಟ ತಿರುಗಿಸದೆ ಅಷ್ಟನ್ನೂ ಕೇಳಿಸಿಕೊಳ್ಳುತ್ತಿದ್ದ. ಮಗಳ ದಿನ ಹೇಗಿತ್ತು ಎಂದು ತಿಳಿಯಲು ಅವನಿಗೆ ಇದ್ದದ್ದು ಅದೊಂದೇ ದಾರಿ.

ಇನ್ನು ಅವನ ಉದ್ಯೋಗ. ನೀರು ಸರಬರಾಜು ಕಚೇರಿಯಲ್ಲಿ ದೂರಿನ ಕಿಟಕಿ. ನಲ್ಲಿ ಸೋರುತ್ತದೆ, ಪೈಪು ಒಡೆದಿದೆ ಎಂದು ಬಂದವರಿಗೆಲ್ಲ ಅವನು ಕತ್ತೆತ್ತದೆ ಕೇಳುವ ಪ್ರಶ್ನೆ ಒಂದೇ: "ನೀರು ಎಲ್ಲಿಂದ ಬರ್ತಿದೆ ಅಂತ ಮೊದಲು ನೋಡಿದ್ರಾ?" ಅರ್ಧಕ್ಕರ್ಧ ಜನ ತಲೆ ಕೆರೆದುಕೊಂಡು ಮನೆಗೆ ಹೋಗುತ್ತಿದ್ದರು, ಮತ್ತೆ ಬರುತ್ತಿರಲಿಲ್ಲ. ಅವನ ಕಿಟಕಿಯ ಮುಂದೆ ಸಾಲು ಇರುತ್ತಿರಲಿಲ್ಲ ಎಂದು ಸಾಹೇಬರಿಗೆ ಅವನ ಮೇಲೆ ಪ್ರೀತಿ.

ಆದರೆ ಆ ಬೆಳಿಗ್ಗೆ ಆ ಪ್ರಶ್ನೆ ಅವನಿಗೆ ಹೊಳೆಯಲೇ ಇಲ್ಲ. ತೊಟ್ಟಿಯ ನೀರು ಅಂಚಿನವರೆಗೂ ತುಂಬಿಯೇ ಇದ್ದುದನ್ನೂ ಅವನು ಗಮನಿಸಲಿಲ್ಲ. ಸಾಹೇಬರಿಗೆ ಫೋನು ಮಾಡಿ ಹೊಟ್ಟೆನೋವು ಎಂದ. ಮಗಳು ಶಾಲೆಯಿಂದ ಬರುವುದರೊಳಗೆ, ಟೈಲರನ ಕೋಲು ಏಳುವುದರೊಳಗೆ, ಸದ್ದಿಲ್ಲದೆ ಸೋರಿಕೆ ನಿಲ್ಲಿಸಬೇಕು. ಅಷ್ಟೇ.

ಸದ್ದಿಲ್ಲದ ಕೆಲಸಕ್ಕೆ ಮೊದಲು ಬಂದವರು ಎದುರು ಮನೆಯ ಡ್ರಿಲ್ ಮಾಸ್ತರು. ನಿವೃತ್ತರಾದರೂ ಕೊರಳ ಸೀಟಿಯನ್ನು ಅವರಿನ್ನೂ ಬಿಚ್ಚಿರಲಿಲ್ಲ. ಗುಮಾಸ್ತ ಬಕೆಟ್ಟು ಹಿಡಿದು ಬೆಕ್ಕಿನ ಹೆಜ್ಜೆಯಲ್ಲಿ ಓಡಾಡುವುದನ್ನು ತೆರೆದ ಬಾಗಿಲಿನಿಂದ ಕಂಡು ಒಳಗೇ ಬಂದುಬಿಟ್ಟರು. ಬೇಡ ಎನ್ನುವುದು ಗುಮಾಸ್ತನ ನಾಲಿಗೆಗೆ ಬಾರದ ಮಾತು. ಹೊಟ್ಟೆನೋವಿನ ರಜೆ ಸಮೇತ ವಿಷಯ ಪಿಸುಗುಟ್ಟಿದ. ಮಾಸ್ತರು ಎದೆ ಮುಂದು ಮಾಡಿ, ಮೊದಲು ಮೀನುಗಳ ಸ್ಥಳಾಂತರ, ಆಮೇಲೆ ನೀರಿನದು, ಕೊನೆಗೆ ತೂತಿನ ವಿಚಾರಣೆ ಎಂದು ಕಾರ್ಯಕ್ರಮ ಹಾಕಿದರು.

ಟೀ ಸೋಸುವ ಜರಡಿಯಿಂದ ಹೆಡ್‌ಮಿಸ್ಸನ್ನು ಹಿಡಿದು ಬಕೆಟ್ಟಿಗೆ ಹಾಕಿದ್ದಾಯಿತು. ಸಣ್ಣಪ್ಪ ಮಾತ್ರ ನೀರು ತುಂಬಿದ ಕುಕ್ಕರಿಗೆ ಬಿದ್ದ ಮರುಗಳಿಗೆ ಚಂಗನೆ ಹಾರಿ ಸೋಫಾದ ಕೆಳಗೆ ಹೋಯಿತು. ಮಾಸ್ತರಿಗೆ ಅಭ್ಯಾಸ ಬಲ. ಸೀಟಿ ಊದಿಯೇಬಿಟ್ಟರು.

ಇಬ್ಬರೂ ಸೋಫಾದ ಕೆಳಗೆ ತಲೆ ತೂರಿಸಿ ಸಣ್ಣಪ್ಪನನ್ನು ಕುಕ್ಕರಿಗೆ ತಂದು ಮುಚ್ಚಳ ಓರೆ ಮಾಡುವಷ್ಟರಲ್ಲಿ ಮೆಟ್ಟಿಲ ಮೇಲೆ ಪಚ ಪಚ ಎಂದು ಚಪ್ಪಲಿ ಸದ್ದಾಯಿತು. ಮಾಲೀಕರು. ಪ್ಯಾಂಟು ಮೊಣಕಾಲಿನವರೆಗೆ ಮಡಚಿದ್ದರು. ತೀರ್ಪು ಕೊಟ್ಟವರೇ ಎದುರಿಗೆ ನಿಂತರೆ ಮುಚ್ಚಿಡುವುದೇನು? ಗುಮಾಸ್ತ ಎಲ್ಲ ಒಪ್ಪಿಕೊಂಡ.

ಮಾಲೀಕರು ಬಯ್ಯಲಿಲ್ಲ. ಒದ್ದೆ ರಗ್ಗು ನೋಡಿ, ಗೋಡೆ ನೋಡಿ, ಗಂಟಲು ಸರಿಮಾಡಿಕೊಂಡರು. "ಟ್ಯಾಂಕೇ ಸೋರ್ತಿರೋದು ಕಣಪ್ಪ. ಅನುಮಾನವೇ ಬೇಡ. ಬೇರೆಲ್ಲೂ ನೋಡೋಕೆ ಹೋಗ್ಬೇಡ, ಟೈಮ್ ವೇಸ್ಟು." ಮೇಲೆ ಹೋಗಿ ಬಂದವರ ಕೈಯಲ್ಲಿ ಸಿಲಿಕಾನ್ ಅಂಟಿನ ಕೊಳವೆಯಿತ್ತು. ಬಾಯಿ ಆಗಲೇ ಕತ್ತರಿಸಿತ್ತು, ಅರ್ಧ ಖಾಲಿಯೂ ಆಗಿತ್ತು. ಮನೆ ನಡೆಸುವವರ ಹತ್ತಿರ ಎಲ್ಲ ಇರಬೇಕಪ್ಪ ಎಂದರು. ಟೈಲರಿಗೆ ತಾವಾಗಿ ಹೇಳುವುದಿಲ್ಲ ಎಂದೂ ಮಾತು ಕೊಟ್ಟರು. ಗುಮಾಸ್ತನ ಕಣ್ಣು ತೇವವಾಯಿತು. ಇಂಥ ಮನುಷ್ಯನನ್ನು ಕಟುಕ ಎಂದು ಹೆಂಡತಿಯ ಮುಂದೆ ಎಷ್ಟು ಸಲ ಆಡಿಕೊಂಡಿದ್ದೆನಲ್ಲ ಎಂದು ಮನಸ್ಸಿನಲ್ಲೇ ಕೆನ್ನೆ ಬಡಿದುಕೊಂಡ.

ಈಗ ನೀರು ಖಾಲಿ ಮಾಡಬೇಕು. ಟ್ಯೂಬಿನ ಒಂದು ತುದಿ ತೊಟ್ಟಿಗೆ, ಇನ್ನೊಂದು ಬಚ್ಚಲಿಗೆ. ಬಾಯಲ್ಲಿ ಒಮ್ಮೆ ಎಳೆದುಬಿಟ್ಟರೆ ನೀರು ತಾನೇ ಹರಿಯುತ್ತದೆ ಎಂದರು ಮಾಲೀಕರು. ಎಳೆಯುವ ಕೆಲಸ ಮಾಸ್ತರು ವಹಿಸಿಕೊಂಡರು. ಆದರೆ ಜೀವಮಾನವೆಲ್ಲ ಊದಿದ ಬಾಯಿ. ಮೊದಲ ಸಲ ಊದಿಯೇಬಿಟ್ಟರು, ತೊಟ್ಟಿಯ ನೀರು ಉಕ್ಕುವ ಹಾಲಿನ ಹಾಗೆ ಬುಳುಬುಳು ಎಂದಿತು. ಎರಡನೇ ಸಲ ಎಳೆದ ರಭಸಕ್ಕೆ ಹೆಡ್‌ಮಿಸ್ಸಿನ ವಾರದ ಹಳೆಯ ನೀರು ಒಂದು ಗುಟುಕು ಒಳಗೇ ಹೋಯಿತು. ಮಾಸ್ತರು ಕಣ್ಣು ಮುಚ್ಚಿ ಸೋಫಾದಲ್ಲಿ ಕೂತರು. ಅವರ ಬೆನ್ನು ನೀವಲು ಗುಮಾಸ್ತ ಟ್ಯೂಬು ಬಿಟ್ಟು ಓಡಿ ಬಂದ. ಮಾಲೀಕರು ಕುಡಿಯುವ ನೀರಿಗಾಗಿ ಅಡುಗೆಮನೆಗೆ ಓಡಿದರು. ಯಾರೂ ಹಿಡಿಯದ ಟ್ಯೂಬು ಬಚ್ಚಲಿನಿಂದ ಹಾವಿನ ಹಾಗೆ ಮೆಲ್ಲಗೆ ಹೊರಳಿ ಹಾಲ್‌ಗೆ ಬಂತು.

ಕಾಲಿಗೆ ತಣ್ಣಗೆ ತಾಗಿದಾಗಲೇ ಮೂವರಿಗೂ ಗೊತ್ತಾದದ್ದು. ಮನೆಯಲ್ಲಿದ್ದ ಟವೆಲ್ಲು, ಹೊದಿಕೆ, ಕಿಟಕಿಯ ಪರದೆ, ಕೊನೆಗೆ ಗುಮಾಸ್ತನ ಇಸ್ತ್ರಿ ಮಾಡಿದ ಆಫೀಸಿನ ಅಂಗಿ ಎಲ್ಲ ನೆಲಕ್ಕೆ ಬಿದ್ದವು. ಮಾಸ್ತರು ಮಂಡಿಯೂರಿ ಒಂದ್, ಎರಡ್, ಒಂದ್, ಎರಡ್ ಎಂದು ಲೆಕ್ಕ ಹಾಕಿ ಒರೆಸಿದರು. ಗುಮಾಸ್ತ ನೆಲಕ್ಕೆ ಕಿವಿಯಿಟ್ಟು ಕೇಳಿದ. ಕೆಳಗೆ ಹೊಲಿಗೆ ಮಿಷನ್ನು ಓಡುತ್ತಲೇ ಇತ್ತು. ಆ ಸದ್ದು ಅವನಿಗೆ ಸಂಗೀತದಂತೆ ಕೇಳಿತು.

ಆಮೇಲೆ ತೂತಿನ ವಿಚಾರಣೆ. ಖಾಲಿ ತೊಟ್ಟಿಯನ್ನು ನೆಲಕ್ಕಿಳಿಸಿ, ಮೇಜನ್ನು ಪಕ್ಕಕ್ಕೆ ಸರಿಸಿ, ಮೂವರೂ ಸುತ್ತ ಕೂತು ಹುಡುಕಿದರು. ತೂತು ಸಿಗಲಿಲ್ಲ. "ಸಿಗದೇ ಇರೋ ತೂತೇ ಡೇಂಜರ್ರು" ಎಂದ ಮಾಲೀಕರು, ನಾಲ್ಕೂ ಮೂಲೆಯ ಹಳೆಯ ಅಂಟನ್ನು ಚಾಕುವಿನಿಂದ ಹೆರೆದು ಹೆರೆದು ತೆಗೆದರು. ಗುಮಾಸ್ತನಿಗೆ ತನ್ನ ಹಲ್ಲನ್ನೇ ಹೆರೆದಂತಾಗುತ್ತಿತ್ತು. ಆ ಜಾಗಕ್ಕೆಲ್ಲ ಮಾಲೀಕರು ಹೊಸ ಅಂಟನ್ನು ಕೇಕಿಗೆ ಕೆನೆ ಬಳಿದ ಹಾಗೆ ಬಳಿದು, ಬೆರಳಿನಿಂದ ನೇವರಿಸಿ, ಇದು ಬೇಗ ಒಣಗುವ ಜಾತಿ, ಸಂಜೆಗೆ ನೀರು ತುಂಬಬಹುದು ಎಂದು ಭರವಸೆ ಕೊಟ್ಟರು.

ಅಷ್ಟರಲ್ಲಿ ಹೊಲಿಗೆ ಮಿಷನ್ನು ನಿಂತಿತು.

ಟಕ್ ಟಕ್ ಟಕ್.

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಎರಡು ಜನ ನಿಂತಿದ್ದರು. ಒಬ್ಬಳು ಶಾಲೆಯ ಚೀಲ ಹೊತ್ತ ಮಗಳು. ಅವಳ ಹಿಂದೆ ಕೊರಳಲ್ಲಿ ಅಳತೆಯ ಟೇಪು, ಕೈಯಲ್ಲಿ ಕೋಲು, ಒದ್ದೆ ಹೆಗಲು ಹೊತ್ತ ಟೈಲರ್.

"ಗುಮಾಸ್ತರೇ, ನೀರು ಬೀಳ್ತಿದೆ" ಎಂದ ಟೈಲರ್.

ಗುಮಾಸ್ತನ ತಲೆ ಅಷ್ಟು ಹೊತ್ತಿಗೆ ಓಡುವುದನ್ನು ನಿಲ್ಲಿಸಿತ್ತು. ಬಾಯಿ ಮಾತ್ರ ಕಚೇರಿಯ ಅಭ್ಯಾಸದಂತೆ ತಾನಾಗಿ ತೆರೆಯಿತು. "ನೀರು ಎಲ್ಲಿಂದ ಬರ್ತಿದೆ ಅಂತ ಮೊದಲು ನೋಡಿದ್ರಾ?"

ಟೈಲರ್ ಕಣ್ಣು ಕೆಂಪಗೆ ಮಾಡಿದ. ಅವನು ಉತ್ತರ ಕೊಡುವ ಮೊದಲೇ, ಮೇಜು ಇದ್ದ ಜಾಗದಲ್ಲಿ ಗೋಡೆಗೆ ಒತ್ತಿಕೊಂಡು ನಿಂತಿದ್ದ ಗುಮಾಸ್ತನ ಬೋಳುತಲೆಯ ನಡುಮಧ್ಯಕ್ಕೆ ತಣ್ಣನೆಯ ಒಂದು ಹನಿ ಬಿತ್ತು. ಅವನು ತಲೆ ಮುಟ್ಟಿಕೊಂಡ. ಇನ್ನೊಂದು ಹನಿ ಕೈಮೇಲೆ ಬಿತ್ತು. ಎಲ್ಲರೂ ಕತ್ತೆತ್ತಿದರು. ಚಾವಣಿಯ ಮೂಲೆಯಲ್ಲಿ ಚಹಾ ಚೆಲ್ಲಿದಂತೆ ಅಗಲವಾದ ಒಂದು ಕಲೆ, ಅದರ ನಡುವೆ ಇಳಿಯಲೋ ಬೇಡವೋ ಎಂದು ತೂಗುವ ಮೂರನೇ ಹನಿ.

ಟೈಲರ್ ಚಾವಣಿ ನೋಡಿದ. ಅಲ್ಲಿಂದ ಮಾಲೀಕರ ಮಡಚಿದ ಪ್ಯಾಂಟು ನೋಡಿದ, ನೀರು ಕುಡಿದು ಉಬ್ಬಿದ ಚಪ್ಪಲಿ ನೋಡಿದ, ಬಾಯಿ ಕತ್ತರಿಸಿದ ಕೊಳವೆ ನೋಡಿದ.

"ಮೇಲ್ಗಡೆ ಏನಿಟ್ಟಿದೀರಿ ಸಾರ್?"

ಮಾಲೀಕರು ಒಮ್ಮೆಲೇ ಕುಗ್ಗಿಹೋದರು. ತಮ್ಮ ಹೆಂಡತಿ ತಂಗಿಯ ಮನೆಗೆ ಹೋದ ವಾರವೇ, ಆಕೆಗೆ ಗೊತ್ತಿಲ್ಲದೆ ತಂದ ಮೀನಿನ ತೊಟ್ಟಿಯಂತೆ. ಇವರ ಮನೆಯ ಹೆಡ್‌ಮಿಸ್ಸನ್ನು ಕಂಡಾಗಿನಿಂದ ಆಸೆಯಂತೆ. ತೀರ್ಪು ಕೊಟ್ಟ ಬಾಯಲ್ಲಿ ಅದನ್ನು ಹೇಳಿಕೊಳ್ಳುವುದು ಹೇಗೆ? ಮಂಚದಷ್ಟು ಉದ್ದದ ತೊಟ್ಟಿ, ನಿನ್ನೆಯಿಂದ ಬಿರುಕು ಬಿಟ್ಟು ಸೋರುತ್ತಿದೆ, ಎಷ್ಟು ಅಂಟು ಹಾಕಿದರೂ ನಿಲ್ಲುತ್ತಿಲ್ಲ. ಹೆಂಡತಿ ಇವತ್ತೇ ವಾಪಸು ಬರುತ್ತಾಳೆ. ಅಷ್ಟು ಹೇಳಿ ಮಾಲೀಕರು ಒದ್ದೆ ಸೋಫಾದ ಮೇಲೇ ಕೂತುಬಿಟ್ಟರು.

ಗುಮಾಸ್ತನ ಎದೆ ಹಗುರಾಯಿತು. ಅಂದರೆ ತನ್ನ ತೊಟ್ಟಿ ಸೋರಿರಲೇ ಇಲ್ಲ. ಬೆಳಗಿನಿಂದ ಒಮ್ಮೆ, ಒಂದೇ ಒಂದು ಸಲ ಕತ್ತೆತ್ತಿದ್ದರೆ ಸಾಕಿತ್ತು. ಅವನು ಗೆದ್ದವನ ಹಾಗೆ ಟೈಲರನ ಕಡೆ ನೋಡಿದ.

ಟೈಲರ್ ಕರಗಲಿಲ್ಲ. "ಇವರ ನೀರು ನಿಮ್ಮನೆಗೆ ಬಿತ್ತು, ಒಪ್ಪಿದೆ. ನನ್ನ ಹೆಗಲ ಮೇಲೆ ಬಿದ್ದಿದ್ದು ಯಾರದು?" ಎಂದವನೇ ಹಾಲ್‌ನಲ್ಲಿ ಹರಡಿದ್ದ ಒದ್ದೆ ಪರದೆ, ಅಂಗಿಗಳನ್ನೆಲ್ಲ ಕೋಲಿನಿಂದ ತೋರಿಸಿದ. ಡ್ರಿಲ್ ಮಾಸ್ತರು ತಮಗೇನೂ ಸಂಬಂಧವಿಲ್ಲದಂತೆ ಕಿಟಕಿಯ ಹೊರಗೆ ನೋಡಿದರು.

ಆಗ ಮಗಳು ಬಕೆಟ್ಟಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಹೆಡ್‌ಮಿಸ್ಸಿನ ಮೇಲೆ ಬಗ್ಗಿ ಏನೋ ಪಿಸುಗುಟ್ಟಿ, ಅಂಗೈಯನ್ನು ಬಕೆಟ್ಟಿನ ಹೊರಮೈಗೆ ಒತ್ತಿ ಇಟ್ಟಳು. ಟೈಲರ್ ಅದನ್ನು ನೋಡಿದ. ಹೆಗಲು ಒರೆಸಿಕೊಂಡ. ಟೇಪನ್ನು ಸುಮ್ಮನೆ ಸುತ್ತಿ ಬಿಚ್ಚಿದ.

"ಇವತ್ತಿಂದು ಬಿಟ್ಟೆ. ಆ ಮಗು ಮುಖ ನೋಡಿ ಬಿಟ್ಟೆ" ಎಂದ ಕೊನೆಗೆ. "ಆದರೆ ಇನ್ನೊಂದು ಹನಿ ಬಿತ್ತೋ, ಗುಮಾಸ್ತರದ್ದೂ ಹೊರಗೆ, ಮಾಲೀಕರದ್ದೂ ಹೊರಗೆ. ಆಮೇಲೆ ಯಾರ ಮುಖಾನೂ ನೋಡಲ್ಲ."

ಮಾಲೀಕರು ಇದೇ ಸಮಯವೆಂದು ಗುಮಾಸ್ತನ ಕೈ ಹಿಡಿದುಕೊಂಡರು. ತಮ್ಮ ಮೀನುಗಳನ್ನು ಅವನ ತೊಟ್ಟಿಯಲ್ಲೇ ಇಟ್ಟುಕೊಳ್ಳಬೇಕು, ಹೆಂಡತಿ ಮೆಟ್ಟಿಲು ಹತ್ತುವುದರೊಳಗೆ. ಗುಮಾಸ್ತನಿಗೆ ಬೇಡ ಎನ್ನಬೇಕೆನಿಸಿತು. ಬಾಯಿ ತೆರೆದ. ಆ ಮಾತು ಇವತ್ತೂ ಬರಲಿಲ್ಲ. ಮಗಳ ಮುಖ ಆಗಲೇ ದೀಪ ಹಚ್ಚಿದಂತಾಗಿತ್ತು.

ಸಂಜೆ ಹೆಂಡತಿ ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ತೊಟ್ಟಿ ಮತ್ತೆ ತನ್ನ ಹಾಸಿಗೆ ಏರಿ, ನೀರು ತುಂಬಿಕೊಂಡು, ಬಸ್ಸಿನ ಹಾಗೆ ಕಿಕ್ಕಿರಿದಿತ್ತು. ಮೇಲಿನ ಮನೆಯ ತೊಟ್ಟಿ ಖಾಲಿಯಾಗಿತ್ತು, ಮೇಜಿನ ಕೆಳಗೆ ಒಣಗಿದ ಬೇರೆ ರಗ್ಗು ಬಂದಿತ್ತು. ಪರದೆಯಿಲ್ಲದ ಕಿಟಕಿ, ಬಟ್ಟೆಯಿಲ್ಲದ ಕಪಾಟು ಎಲ್ಲವನ್ನೂ ಹೆಂಡತಿ ನೋಡಿದಳು. ಗಂಡನ ಮುಖ ಒಮ್ಮೆ ನೋಡಿ ಚಹಾಕ್ಕಿಟ್ಟಳು. ಗುಮಾಸ್ತ ಅಡುಗೆಮನೆಯಲ್ಲಿ ಪೇಪರ್ ಹಿಡಿದು ತನ್ನ ಜಾಗದಲ್ಲಿ ಕೂತ. ಹಾಲ್‌ನಿಂದ ಮಗಳ ವರದಿ ಶುರುವಾಯಿತು.

"ಹೆಡ್‌ಮಿಸ್, ಇವರೆಲ್ಲ ಹೊಸ ಅಡ್ಮಿಷನ್ನು. ಜಾಗ ಬಿಟ್ಕೊಡಿ, ಜಗಳ ಆಡಬೇಡಿ. ಇವತ್ತು ನಾನು ಕ್ಲಾಸಲ್ಲಿ ಕೈ ಎತ್ತಿದೆ ಗೊತ್ತಾ. ಆಮೇಲೆ, ನಮ್ಮಪ್ಪ ಆಫೀಸಿಗೆ ಹೊಟ್ಟೆನೋವು ಅಂತ ಸುಳ್ಳು ಹೇಳಿದಾರಂತೆ, ಡ್ರಿಲ್ ಮಾಸ್ತರು ಹೇಳಿದ್ರು. ನೀವು ಬಯ್ಯಬೇಡಿ. ಪಾಪ, ನಿಮಗೋಸ್ಕರಾನೇ."

ಗುಮಾಸ್ತ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡ. ಇಷ್ಟು ಕೇಳಲು ಇನ್ನೊಂದು ಇಂಥ ದಿನ ಬಂದರೂ ಸರಿ ಎನ್ನಿಸಿತು ಅವನಿಗೆ.

ಟಕ್ ಟಕ್ ಟಕ್.

ಪೇಪರ್ ಕೈಯಿಂದ ಜಾರಿತು. ಓಡಿ ಬಂದು ರಗ್ಗು ಮುಟ್ಟಿದ. ಹಿಂಡಿದರೆ ಒಂದು ಬಕೆಟ್ಟು ಬರುವಂತಿತ್ತು. ತಗಡಿನ ತಟ್ಟೆ ತುಂಬಿ ಅಂಚಿನಿಂದ ಇಳಿಯುತ್ತಿತ್ತು. ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಹತ್ತಿರವಾಯಿತು, ಬಾಗಿಲು ತೆರೆಯಿತು. ಈ ಸಲ ಟೈಲರನ ಎರಡೂ ಹೆಗಲು ಒದ್ದೆಯಾಗಿದ್ದವು. ಅವನು ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ಬಹಳ ಮೃದುವಾಗಿ ಕೇಳಿದ:

"ನೀರು ಎಲ್ಲಿಂದ ಬರ್ತಿದೆ ಅಂತ ಮೊದಲು ನೋಡಿದ್ರಾ, ಗುಮಾಸ್ತರೇ?"

ಗುಮಾಸ್ತ ಜನ್ಮದಲ್ಲಿ ಮೊದಲ ಬಾರಿಗೆ, ಒಂದೇ ಒಂದು ಹನಿಯಾದರೂ ಇರಲಪ್ಪ ಎಂದು ಆಸೆಯಿಂದ ಕತ್ತೆತ್ತಿ ಚಾವಣಿಯತ್ತ ನೋಡಿದ.

ಅದು ಒಣಗಿ ಠಣಠಣ ಎನ್ನುತ್ತಿತ್ತು.