ಮೇಲೇರುತ್ತಾ ಹೋದ ಕೆಂಪು ಗೆರೆ

ಸೇತುವೆಯ ಮೂರನೇ ಕಂಬದ ಮೇಲಿನ ಕೆಂಪು ಗೆರೆಯನ್ನು ಯಾವ ಕಾರಣಕ್ಕೂ ಸರಿಸತಕ್ಕದ್ದಲ್ಲ. ನೀರು ಅದನ್ನು ಮುಟ್ಟಿದ ಕೂಡಲೇ ಸೈರನ್ ಕೂಗಿಸತಕ್ಕದ್ದು. ಇದು ವಿಪತ್ತು ಸನ್ನದ್ಧತಾ ಕಚೇರಿಯ ಮೊದಲ ನಿಯಮ. ಅದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಲಾಗಿದೆ. ಗಾಜು ಒರೆಸಲು ಒಂದು ಹುದ್ದೆಯೂ ಇದೆ.

ಸೈರನ್ ಕೂಗಿದ ಊರು ಸನ್ನದ್ಧವಾಗಿಲ್ಲವೆಂದೂ, ಅಂಥ ಊರಿಗೆ ಹುದ್ದೆಗಳು ಮಂಜೂರಾಗುವುದಿಲ್ಲವೆಂದೂ ಮೇಲಿನಿಂದ ಸುತ್ತೋಲೆ ಬಂತು. ಆದಕಾರಣ ಆ ವರ್ಷ ನೀರು ಇನ್ನೂ ಎರಡು ಬೆರಳು ಕೆಳಗಿರುವಾಗಲೇ ಗೆರೆಯನ್ನು ಒಂದು ಮೊಳ ಮೇಲಕ್ಕೆ ಬರೆಸಲಾಯಿತು. ನೀರು ಮುಟ್ಟಲಿಲ್ಲ. ಊರಿಗೆ ಪ್ರಶಸ್ತಿ ಬಂತು, ಪ್ರಶಸ್ತಿಯ ಬೆನ್ನಿಗೇ ಹುದ್ದೆಗಳು ಬಂದವು: ಗೆರೆ ವೀಕ್ಷಕ, ವೀಕ್ಷಕನ ಮೇಲ್ವಿಚಾರಕಿ, ಸೈರನ್ ಈ ದಿನ ಕೂಗಿಲ್ಲವೆಂದು ಸಂಜೆ ಐದಕ್ಕೆ ದೃಢೀಕರಿಸುವ ಗುಮಾಸ್ತ. ತಗ್ಗಿನ ಬೀದಿಯವರೂ ದೂರಲಿಲ್ಲ. ಮನೆಗೊಂದು ಕೆಲಸ ಸಿಕ್ಕಿತ್ತು. ಪ್ರತಿ ಮಳೆಗಾಲ ನೆನೆದ ಹಾಸಿಗೆ ಮಹಡಿಗೆ ಹೊತ್ತು ಹಾಕಿ, ಹೊತ್ತಿಗೆ ಸರಿಯಾಗಿ ಹಾಜರಿ ಹಾಕುತ್ತಿದ್ದರು.

ವರ್ಷ ವರ್ಷವೂ ಗೆರೆಯನ್ನು ಇನ್ನಷ್ಟು ಮೇಲೆ ಬರೆಯುವ ಬಣ್ಣದವನೊಬ್ಬ ಮಾತ್ರ ಐದು ವರ್ಷದಿಂದ ದಿನಗೂಲಿಯಲ್ಲೇ ಇದ್ದ.

ಈ ವರ್ಷ ಗೆರೆ ಕಂಬ ದಾಟಿ ಸೇತುವೆಯ ಕಟಕಟೆ ಹತ್ತಿತ್ತು. ಮಂಗಳವಾರ ಮಧ್ಯಾಹ್ನ ನೀರೂ ಅದರ ಹತ್ತಿರಕ್ಕೆ ಬಂತು. ಸಾಹೇಬರು ಮೊದಲು ಕಡತಗಳನ್ನು ಮಹಡಿಗೆ ಸಾಗಿಸಿದರು, ಆಮೇಲೆ ಬಣ್ಣದವನನ್ನು ಕರೆಸಿದರು. ಅವನ ಖಾಯಂ ಆದೇಶ ಮೇಜಿನ ಮೇಲೆ ಸಿದ್ಧವಾಗಿತ್ತು, ರುಜುವೊಂದು ಬಾಕಿ.

"ಇನ್ನೆಲ್ಲಿ ಬರೀಲಿ ಸಾರ್? ಸೇತುವೇನೇ ಮುಗೀತು."

"ದೀಪದ ಕಂಬ ಇದೆಯಲ್ಲಪ್ಪ."

"ತಗ್ಗಿನ ಬೀದೀಲಿ ನಮ್ಮಕ್ಕ ಒಬ್ಳೇ ಇದಾಳೆ ಸಾರ್, ಮಂಡಿ ನೋವು. ನೀರು ಮಹಡಿ ಮುಟ್ಟಕ್ಕೆ ಇನ್ನು ನಾಲ್ಕೇ ಮೆಟ್ಟಿಲು ಉಳಿದಿದೆ ಅಂತ ಈಗ ಫೋನ್ ಮಾಡಿದ್ಲು. ಸೈರನ್ ಆಗ್ದೆ ದೋಣಿ ಬಿಡಂಗಿಲ್ವಂತೆ."

"ದೋಣಿ ಅಧಿಕಾರಿ ನಿಮ್ಮ ಭಾವನೇ ಅಲ್ವೇನಯ್ಯ?"

"ಹೌದು ಸಾರ್. ಬೆಳಗ್ಗೆಯಿಂದ ದೋಣೀಲೇ ಕೂತಿದಾರೆ, ಸೈರನ್ನಿಗೆ ಕಾಯ್ತಾ."

ಸಾಹೇಬರು ಇದನ್ನು ಕರ್ತವ್ಯನಿಷ್ಠೆಯ ಮೇಲ್ಪಂಕ್ತಿಯೆಂದು ಟಿಪ್ಪಣಿಯಲ್ಲಿ ದಾಖಲಿಸಿದರು. ಬಣ್ಣದವನು ಡಬ್ಬಿ, ಏಣಿ ಎತ್ತಿಕೊಂಡ. ಅವನು ದೀಪದ ಕಂಬಕ್ಕೇ ಹೊರಟನೆಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಮೇಲ್ವಿಚಾರಕಿ ಕೊಡೆ ಬಿಡಿಸಿಕೊಂಡು ಬಾಗಿಲವರೆಗೆ ಬಂದರು. ಅವನು ಏಣಿಯನ್ನು ಕಚೇರಿಯ ತಾರಸಿಗೆ ಒರಗಿಸಿ ಹತ್ತಿದ.

ಮೇಲೆ ತಗಡಿನ ಮಾಡಿನಡಿ, ಕೈಯಿಂದ ತಿರುಗಿಸುವ ಸೈರನ್ನಿನ ಪಕ್ಕದಲ್ಲಿ, ಗುಮಾಸ್ತ ಆ ದಿನದ ದೃಢೀಕರಣ ಬರೆದು ಮುಗಿಸಿ ಶಾಯಿ ಒಣಗಲು ಬಿಟ್ಟಿದ್ದ.

"ಐದಾಗಕ್ಕೆ ಇನ್ನು ಹತ್ತು ನಿಮಿಷ ಕಣೋ," ಅಂದ. "ಕೂಗಿಲ್ಲ ಅಂತ ಬರೆದಾಗಿದೆ. ಈಗ ಕೂಗಿದ್ರೆ ಚಿತ್ತು ಮಾಡ್ಬೇಕಾಗತ್ತೆ."

ಬಣ್ಣದವನು ಡಬ್ಬಿಯನ್ನು ಆ ಹಾಳೆಯ ಮೇಲಿಟ್ಟು, ಎರಡೂ ಕೈಯಿಂದ ಸೈರನ್ನಿನ ಹಿಡಿ ತಿರುಗಿಸತೊಡಗಿದ.